ಮೂರನೇ ಪ್ಲಾಟ್‌ಫಾರ್ಮಿನ ಖಾಲಿ ಸಾಲು

ಸೋಮವಾರ ಮಧ್ಯಾಹ್ನ 3.40ಕ್ಕೆ ರೈಲ್ವೆ ಪೊಲೀಸ್ ಠಾಣೆಗೆ ಬಂದ ಮಹಿಳೆ ಕುರ್ಚಿ ಕೊಟ್ಟರೂ ಕೂರಲಿಲ್ಲ. ಅವಳ ತಂದೆ, ನಿವೃತ್ತ ಮೇಷ್ಟ್ರು, ಮೂರನೇ ಪ್ಲಾಟ್‌ಫಾರ್ಮಿನ ಅಂಚಿನಲ್ಲಿದ್ದಾಗ 2.24ಕ್ಕೆ ನಿಲ್ಲದೆ ಹಾದುಹೋದ ರೈಲಿನ ರಭಸಕ್ಕೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಹಿಂದೆ ಸರಿಯಿರಿ ಎಂದು ಯಾರೂ ಎಚ್ಚರಿಸಲಿಲ್ಲವೆಂಬುದು ದೂರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಅನುಮಾನ ಬಿದ್ದದ್ದು ಆ ಪಾಳಿಯ ಅನೌನ್ಸರ್ ಮೇಲೆ.

"ಎರಡು ಸಲ ಹೇಳಿದೀನಿ ಸರ್," ಎಂದಳು ಅನೌನ್ಸರ್.

"ಹೊರಗೆ ಕೇಳಿಸ್ತಾ?"

"ಗಾಜಿನ ಕೋಣೇಲಿ ಕೂತೋಳಿಗೆ ಹೇಗೆ ಗೊತ್ತಾಗ್ಬೇಕು? ಒಂಬತ್ತು ವರ್ಷದ ಕೆಲಸ ಸರ್. ಮನೆ ಇದರ ಮೇಲೇ ನಿಂತಿದೆ."

ಆಗಲೇ ಸ್ಟೇಷನ್ ಮಾಸ್ಟರ್ ಅವಳನ್ನು ಅಮಾನತು ಮಾಡಿಯಾಗಿತ್ತು. ಚಾರ್ಜ್‌ಶೀಟ್‌ನಲ್ಲಿ ಹೆಸರು ಬಂದರೆ ಕೆಲಸ ಹೋದಂತೆಯೇ.

5.30ಕ್ಕೆ ಸ್ಥಳ ಪಂಚನಾಮೆ. ಸ್ಪೀಕರ್ ಎಷ್ಟು ಜೋರಾಗಿ ಕೂಗಿತೆಂದರೆ ದಫೇದಾರರು ಒಂದು ಕಿವಿ ಮುಚ್ಚಿಕೊಂಡೇ ಬರೆದರು. ಸ್ಪೀಕರ್ ಸರಿಯಿದೆ ಅಂದಮೇಲೆ ತಪ್ಪು ಅನೌನ್ಸರ್‌ದೇ ಎನ್ನುವಂತಾಯಿತು. ಆದರೆ ಆ ಪ್ಲಾಟ್‌ಫಾರ್ಮಿನ ಪುಸ್ತಕದ ಅಂಗಡಿಯಾಕೆ ಬೇರೆಯೇ ಮಾತು ತೆಗೆದಳು.

"ಹದಿನೈದು ದಿನದಿಂದ ಮಧ್ಯಾಹ್ನ ಎರಡಾದ್ಮೇಲೆ ಇದು ಪಿಸುಗುಡುತ್ತೆ ಅಷ್ಟೇ. ನಾನೂ ಒಂದು ಜೊಂಪು ತೆಗೀತೀನಿ."

"ಯಾರಿಗೂ ಹೇಳ್ಲಿಲ್ವಾ?"

"ಗಲಾಟೆ ಕಮ್ಮಿ ಆಯ್ತು ಅಂತ ಯಾರಾದ್ರೂ ದೂರು ಕೊಡ್ತಾರಾ ಸರ್?"

ಮಂಗಳವಾರ ಬೆಳಿಗ್ಗೆ 10.00. ಧ್ವನಿವರ್ಧಕಗಳ ಕೋಣೆಯಲ್ಲಿ ಕೆಲಸ ಮಾಡುವವರು ಇಬ್ಬರೇ: ಒಬ್ಬಳು ಯುವ ಇಂಜಿನಿಯರ್, ಇನ್ನೊಬ್ಬರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮೆಕ್ಯಾನಿಕ್. ಇಡೀ ಸ್ಟೇಷನ್ ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿತ್ತು.

"ಈಗ ತಿರುಗಿಸೋ ಗುಂಡಿ ಇಲ್ಲ ಸರ್," ಎಂದಳು ಇಂಜಿನಿಯರ್. "ಆಂಪ್ಲಿಫೈಯರ್‌ಗಳೆಲ್ಲ ನೆಟ್‌ವರ್ಕ್‌ನಲ್ಲಿವೆ. ಒಂದು ಸಾಲು ಟೈಪ್ ಮಾಡಿ ಕಳಿಸಿದ್ರೆ ಸಾಕು. ವಲಯ ಮೂರು, ಧ್ವನಿ ಎಪ್ಪತ್ತು ಅಂತ. ಅದು ಸರಿ ಅಂತ ಉತ್ತರ ಕೊಡುತ್ತೆ."

"ಬರೆದದ್ದು ಎಲ್ಲಾದ್ರೂ ಉಳಿಯುತ್ತಾ?"

ಉಳಿದಿತ್ತು. ಹದಿನೈದು ದಿನವೂ 2.00ಕ್ಕೆ ಮೂರನೇ ವಲಯದ, ಅಂದರೆ ಮೂರನೇ ಪ್ಲಾಟ್‌ಫಾರ್ಮಿನ, ಧ್ವನಿ ಐದಕ್ಕೆ ಇಳಿದು 3.30ಕ್ಕೆ ಮತ್ತೆ ಎಪ್ಪತ್ತಕ್ಕೆ ಏರಿತ್ತು. ಸೋಮವಾರ ಮಾತ್ರ 2.26ಕ್ಕೇ ಏರಿತ್ತು, ಮೇಷ್ಟ್ರು ಬಿದ್ದ ಎರಡೇ ನಿಮಿಷಕ್ಕೆ. ಇನ್‌ಸ್ಪೆಕ್ಟರಿಗೆ ಸಿಟ್ಟು ಬಂದದ್ದು ಇಲ್ಲಿ. ತಪ್ಪು ಮಾಡಿದ್ದೂ ಅಲ್ಲದೆ ಅದನ್ನು ಒರೆಸಿ ಸುಮ್ಮನೆ ಕೂತಿದ್ದರು ಯಾರೋ.

ಕಂಪ್ಯೂಟರ್ ಒಂದೇ, ಪಾಸ್‌ವರ್ಡೂ ಒಂದೇ. ಆದರೆ ಆ ಪ್ರತಿ ಆಜ್ಞೆಗೂ ಮುಂಚೆ ಒಂದು ಖಾಲಿ ಸಾಲು ಹೋಗಿತ್ತು. ಅದಕ್ಕೆ ಯಂತ್ರ ಪ್ರತಿ ಸಲವೂ ಅರ್ಥವಾಗಲಿಲ್ಲ ಎಂದು ಉತ್ತರಿಸಿತ್ತು.

ಇನ್‌ಸ್ಪೆಕ್ಟರ್ ಇಬ್ಬರಿಗೂ ಒಂದೇ ಕೆಲಸ ಕೊಟ್ಟರು. "ಎರಡನೇ ಪ್ಲಾಟ್‌ಫಾರ್ಮಿನ ಧ್ವನಿ ಸ್ವಲ್ಪ ತಗ್ಗಿಸಿ ತೋರಿಸಿ."

ಇಂಜಿನಿಯರ್ ನೇರವಾಗಿ ಸಾಲು ಬರೆದಳು. ದೊಡ್ಡಪ್ಪ ಮೊದಲು ಬರೀ ಎಂಟರ್ ಒತ್ತಿದರು, ಆಮೇಲೆ ಬರೆದರು.

"ಅದ್ಯಾಕೆ ಖಾಲಿ ಎಂಟರ್?"

"ಹಳೇ ಅಭ್ಯಾಸ ಸರ್. ನೆಟ್‌ವರ್ಕ್ ಬರೋಕ್ ಮುಂಚೆ ಸೀರಿಯಲ್ ಕೇಬಲ್ ಇದ್ದಾಗ ತಂತೀಲಿ ಕಸ ಇರೋದು, ಮೊದಲನೇ ಸಾಲು ಕೆಟ್ಟು ಹೋಗೋದು. ಖಾಲಿ ಸಾಲು ಬಿಟ್ರೆ ದಾರಿ ಚೊಕ್ಕ ಆಗ್ತಿತ್ತು. ಇಪ್ಪತ್ತೆರಡು ವರ್ಷ..." ಎನ್ನುತ್ತಿದ್ದವರು ಪರದೆಯ ಮೇಲಿದ್ದ ಹದಿನೈದು ದಿನದ ಪಟ್ಟಿ ನೋಡಿ ಮಾತು ನಿಲ್ಲಿಸಿದರು.

"ದೊಡ್ಡಪ್ಪಾ, ನೀವಾ?" ಎಂದಳು ಇಂಜಿನಿಯರ್.

ಅವರು ಸುಳ್ಳು ಹೇಳಲಿಲ್ಲ. "ಮೂರನೇ ಪ್ಲಾಟ್‌ಫಾರ್ಮಿನ ಹಿಂದೇನೇ ನಮ್ಮ ಕ್ವಾರ್ಟರ್ಸ್. ನನ್ನ ಹೆಂಡತಿಗೆ ಕ್ಯಾನ್ಸರ್ ಸರ್. ರಾತ್ರಿ ನೋವಿಗೆ ಕಣ್ಣು ಮುಚ್ಚಲ್ಲ. ಊಟದ ಬಿಡುವಲ್ಲಿ ಹೋಗಿ ಔಷಧಿ ಕೊಟ್ಟು ಬಂದ್ರೆ ಒಂದೂವರೆ ಗಂಟೆ ಮಲಗ್ತಾಳೆ. ಸ್ಪೀಕರ್ ಕಿಟಕಿಗೇ ಮುಖ ಮಾಡಿದೆ. ಆ ಹೊತ್ತಲ್ಲಿ ಮೂರನೇ ಪ್ಲಾಟ್‌ಫಾರ್ಮಲ್ಲಿ ನಿಲ್ಲೋ ಗಾಡಿ ಇಲ್ಲ, ಯಾರೂ ಇರಲ್ಲ ಅಂದ್ಕೊಂಡೆ."

"ಆ ಹೆಣ್ಮಗಳ ಕೆಲಸ ಹೋಗ್ತಿತ್ತಲ್ಲ?"

"ಗೊತ್ತು ಸರ್. ನಿನ್ನೆಯಿಂದ ಅದೇ ಯೋಚನೆ."

"ಬಾಯಿ ಬಿಡಬಹುದಿತ್ತು."

ದೊಡ್ಡಪ್ಪ ಕೋಣೆಯ ಬೀಗದ ಕೈ ತೆಗೆದು ಇಂಜಿನಿಯರ್ ಮುಂದಿಟ್ಟರು.

12.15ಕ್ಕೆ ಬಂಧನ. ಅನೌನ್ಸರ್‌ಗೆ ಇನ್‌ಸ್ಪೆಕ್ಟರೇ ಫೋನ್ ಮಾಡಿದರು. ಅವಳು ಅತ್ತುಬಿಟ್ಟಳು.

ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕು, ಹೇಳಿಕೆಯನ್ನೂ ಪಡೆಯಬೇಕು. 12.50ಕ್ಕೆ ಇನ್‌ಸ್ಪೆಕ್ಟರ್ ಮತ್ತು ದಫೇದಾರರು ಕ್ವಾರ್ಟರ್ಸಿಗೆ ಹೋದರು. ಕಿಟಕಿಯ ಪಕ್ಕ ಮಲಗಿದ್ದ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡಳು.

"ಹಾಗಾದ್ರೆ ನನ್ನ ಕಿವಿ ಸರಿಯಾಗಿದೆಯಾ?"

ಇನ್‌ಸ್ಪೆಕ್ಟರಿಗೆ ಅರ್ಥವಾಗಲಿಲ್ಲ.

"ಈ ಔಷಧಿಗೆ ಕೆಲವರ ಕಿವಿ ಹೋಗುತ್ತೆ ಅಂತ ಡಾಕ್ಟ್ರು ಅಂದಿದ್ರು. ಔಷಧಿ ಕುಡಿದ್ಮೇಲೆ ಗಾಡಿ ಅದುರೋದು ಗೊತ್ತಾಗೋದು, ಸ್ಪೀಕರ್ ಕೂಗು ಮಾತ್ರ ಕೇಳಿಸ್ತಿರ್ಲಿಲ್ಲ. ಕಿವೀನೂ ಹೋಯ್ತು ಅಂತ ಹೆದರ್ಕೊಂಡೆ. ಗೊತ್ತಾದ್ರೆ ಅವ್ರು ಕುಗ್ಗಿಹೋಗ್ತಾರಲ್ಲ, ಅದಕ್ಕೆ ಹೇಳ್ಲಿಲ್ಲ."

"ನಿದ್ದೆ?"

"ಎಲ್ಲಿಂದ ಬರ್ಬೇಕು? ಅವ್ರು ಬಂದು ನೋಡಿದಾಗ ಕಣ್ಣು ಮುಚ್ಕೊಂಡಿರ್ತಿದ್ದೆ." ಅವಳು ದಫೇದಾರರ ಪುಸ್ತಕದ ಕಡೆ ನೋಡಿದಳು. "ಅಣ್ಣಾ, ಅದನ್ನ ಬರ್ಕೋಬೇಡಿ. ಚೆನ್ನಾಗಿ ನಿದ್ದೆ ಮಾಡ್ತಿದ್ಲು ಅಂತ ಬರ್ಕೊಳ್ಳಿ."

ದಫೇದಾರರು ಪೆನ್ನು ಹಿಡಿದುಕೊಂಡು ಸಾಹೇಬರ ಮುಖ ನೋಡಿದರು. ಹದಿನೆಂಟು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರ್ ಹೇಳಿಕೆಯಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಮಾಡಿದವರಲ್ಲ.

"ಅವರು ಬರ್ಕೊಳ್ಳಿ ಅಂದ ಹಾಗೇ ಬರೀರಿ," ಎಂದರು.