ಓದುಗಾಜಿನ ಬಿಳಿ ಸಾಲು

ಮೈತ್ರಾ ಅಂಕೋಲೇಕರ ತನ್ನ ಟಿಪ್ಪಣಿಯನ್ನು ಓದುಗಾಜಿನ ಮೇಲಿಟ್ಟು ಮುಖ್ಯ ಎಂಜಿನಿಯರ್ ಪೂವಯ್ಯನವರ ಹೆಸರು ಒತ್ತಿದಳು. ದೋಸೆಕಲ್ಲಿನಷ್ಟು ಅಗಲದ ಆ ಗಾಜು ಕ್ಷಣಕಾಲ ಮಿನುಗಿತು. ಅಕ್ಷರಗಳು ಮೊದಲಿನಿಂದ ಕೊನೆಯವರೆಗೂ ಕಾಡಿಗೆಯಂತೆ ಕಪ್ಪಗೇ ಉಳಿದವು. ಪೂವಯ್ಯನವರು ಇದನ್ನು ಒಂದು ಮಾತೂ ಬಿಡದೆ ಓದುತ್ತಾರೆ ಎಂದು ಅದರ ಅರ್ಥ.

ಪಕ್ಕದ ಮೇಜಿನ ಗಿರಿಜಾ ತಾಂಡೇಲ ಅದನ್ನು ನೋಡಿದಳು. ನೋಡದವಳಂತೆ ಚಹಾ ಕುಡಿದಳು.

ಕಡಲ ನೀರನ್ನು ಸಿಹಿ ಮಾಡಿ ಊರಿಗೆ ಹಂಚುವ ಆ ಕೇಂದ್ರಕ್ಕೆ ಓದುಗಾಜು ಬಂದದ್ದು ಹಿಂದಿನ ಮಳೆಗಾಲ ಮುಗಿದ ಮೇಲೆ. ಓದುವಾಗ ಕಣ್ಣು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ, ಪಾಪೆ ಯಾವಾಗ ಹಿಗ್ಗುತ್ತದೆ ಎಂಬುದು ಒಬ್ಬೊಬ್ಬರದು ಒಂದೊಂದು ಬಗೆ. ಪ್ರತಿ ಮೇಜಿನ ಮೇಲೂ ಕೂರಿಸಿದ ಪುಟ್ಟ ಕ್ಯಾಮೆರಾ ಅದನ್ನು ದಿನವೂ ಗಮನಿಸಿ ಗಾಜಿಗೆ ಕಲಿಸುತ್ತಿತ್ತು. ಬರಹವನ್ನಿಟ್ಟು ಯಾರ ಹೆಸರು ಒತ್ತುತ್ತಾರೋ ಅವರ ಮನಸ್ಸು ಜಾರುವ ಸಾಲುಗಳು ಬೆಳ್ಳಗಾಗುತ್ತಿದ್ದವು; ಕಾಗದ ಎತ್ತಿದರೆ ಮತ್ತೆ ಕಪ್ಪಗಾಗುತ್ತಿದ್ದವು. ಬೆಳ್ಳಗಾದದ್ದನ್ನು ತಿದ್ದಿ, ಮತ್ತೆ ಇಟ್ಟು ನೋಡಿ, ಜನ ನೇರವಾಗಿ ಬರೆಯುವುದನ್ನು ಕಲಿತರು.

ಗಿರಿಜಾ ಮಾತ್ರ ಕಲಿಯಲಿಲ್ಲ. ಹಿಂದೆಲ್ಲ ಆ ಕಚೇರಿಯಲ್ಲಿ ಬರಹ ಎಂದರೆ ಅವಳದೇ. ಮೈತ್ರಾ ಕೆಲಸಕ್ಕೆ ಸೇರಿದಾಗ ಪಕ್ಕದಲ್ಲಿ ಕೂರಿಸಿಕೊಂಡು ಟಿಪ್ಪಣಿ ಬರೆಸಿದ್ದವಳೂ ಅವಳೇ. ಈಗ ಅವಳ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ' ಎಂಬ ಸಾಲು ಗಾಜಿಗೆ ತಾಗಿದೊಡನೆ ಮಾಯವಾಗುತ್ತಿತ್ತು. "ಮೈತ್ರಾ ಬರೆದದ್ದು ಚಹಾ ಆರೋದ್ರೊಳಗೆ ಓದಿ ಮುಗಿಯುತ್ತೆ ನೋಡಿ" ಎಂದು ಪೂವಯ್ಯನವರು ಸಭೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಗಿರಿಜಾಳೂ ನಕ್ಕಳು. ಮನೆಗೆ ಹೋಗುವವರೆಗೂ ದವಡೆ ನೋಯುತ್ತಿತ್ತು.

ಆದರೆ ಟಿಪ್ಪಣಿ ಮೇಲೆ ಹೋಗಲು ಮೊದಲು ಗಿರಿಜಾಳ ಸಹಿ ಬೇಕಿತ್ತು. ಮೈತ್ರಾಳ ಈ ಟಿಪ್ಪಣಿಯನ್ನು ಅವಳು ಆಗಲೇ ಎರಡು ಸಲ 'ಭಾಷೆ ಸರಿಪಡಿಸಿ' ಎಂದು ವಾಪಸ್ ಕಳಿಸಿದ್ದಳು.

"ಮತ್ತೆ ತಿದ್ದಿದೀನಿ ಮೇಡಂ. ವಿಷಯ ಸ್ವಲ್ಪ ಅವಸರದ್ದು, ಏನಂದ್ರೆ..."

"ಬಾಯಲ್ಲಿ ಹೇಳಬೇಡ. ಬರಹದಲ್ಲಿ ಬರಲಿ. ಬರಹದಲ್ಲಿ ನೀನು ಜಾಣೆ ಅಲ್ವಾ?"

ಮೈತ್ರಾ ಕಾಗದವನ್ನು ಅವಳ ಮೇಜಿನ ಮೇಲಿಟ್ಟಳು.

ಅಂದು ಗಾಜನ್ನು ಪರೀಕ್ಷಿಸಲು, ಅದನ್ನು ಕಂಡುಹಿಡಿದ ವಿಜ್ಞಾನಿ ಶಿವಗಂಗಾ ಹೂಲಿ ಧಾರವಾಡದಿಂದ ಬಂದಿದ್ದರು. ಗಿರಿಜಾಳಿಗೆ ಒಂದು ಯೋಚನೆ ಹೊಳೆಯಿತು. ಅವಳು ಟಿಪ್ಪಣಿಯನ್ನು ಎತ್ತಿ ಅವರ ಮುಂದೆ ಹಿಡಿದಳು.

"ಓದುಗರು ಅಂದ್ರೆ ಪೂವಯ್ಯನವರೊಬ್ಬರೇನಾ? ಇದಕ್ಕೆ ನನ್ನ ಹೆಸರು ಒತ್ತಿ ನೋಡಿ. ಬರಹ ಎಷ್ಟು ಜಾಳು ಅಂತ ಎಲ್ಲರಿಗೂ ಗೊತ್ತಾಗಲಿ."

ಶಿವಗಂಗಾ ಒತ್ತಿದರು. ಸಾಲುಗಳು ಒಂದೊಂದಾಗಿ ಅಳಿಸಿಹೋದವು.

"ಇದೇನ್ರೀ, ಹಾಳಿ ತೊಳದಂಗ ಆತಲ್ಲ? ಗಾಜು ಕೆಟ್ಟೈತೇನ?" ಅವರು ಬೇರೊಬ್ಬ ನೌಕರನ ಟಿಪ್ಪಣಿಯನ್ನು ಇಟ್ಟು, ಗಿರಿಜಾಳ ಹೆಸರನ್ನೇ ಒತ್ತಿದರು. ಅದು ಕಪ್ಪಗೇ ಉಳಿಯಿತು. ಮೈತ್ರಾಳದನ್ನು ಮತ್ತೆ ಇಟ್ಟರು. ಮತ್ತೆ ಬಿಳಿ. ಕಪ್ಪಗೆ ಉಳಿದದ್ದು ಎರಡೇ: ಅವಸರದಲ್ಲಿ ತಪ್ಪಾಗಿ ಬಿದ್ದಿದ್ದ ಒಂದು ಪದ, ಮತ್ತು ಕೆಳಗಿದ್ದ ಮೈತ್ರಾಳ ಹೆಸರು.

ಶಿವಗಂಗಾ ದನಿ ತಗ್ಗಿಸಿದರು. "ಗಾಜು ನೆಟ್ಟಗ ಐತ್ರಿ. ನೀವು ಈ ಹುಡುಗಿ ಬರದದ್ದನ್ನ ಓದೂದಿಲ್ಲ. ತಪ್ಪು ಹುಡುಕ್ತೀರಿ, ಹೆಸರು ನೋಡ್ತೀರಿ, ಅಷ್ಟ."

ಗಿರಿಜಾಳ ಕಿವಿ ಬಿಸಿಯಾಯಿತು. ಎಲ್ಲರ ಕಣ್ಣೂ ತನ್ನ ಮೇಲಿದೆ ಎನ್ನಿಸಿ, ಎಲ್ಲಿಯಾದರೂ ನೋಡಬೇಕೆಂದು ಕಾಗದವನ್ನು ಗಾಜಿನಿಂದ ಎತ್ತಿಕೊಂಡಳು. ಮೊದಲ ಸಲ ಓದಿದಳು.

'ಮೂರನೇ ಕೊಳವೆಯ ಮುಚ್ಚಳವನ್ನು ಬಿಗಿಹಿಡಿದ ಪಟ್ಟಿ ಬಿರುಕು ಬಿಟ್ಟಿದೆ. ನೀರಿನ ಒತ್ತಡಕ್ಕೆ ಅದು ಸಿಡಿದರೆ ಮುಚ್ಚಳ ನೇರ ಹೋಗಿ ಬಡಿಯುವುದು ಕೆಲಸಗಾರರ ಊಟದ ಕೋಣೆಗೆ. ಪಟ್ಟಿ ಬದಲಿಸುವವರೆಗೆ ಅಲ್ಲಿ ಯಾರೂ ಕೂರಬಾರದು.'

ಕಿಟಕಿಯಿಂದ ಮೀನುಸಾರಿನ ವಾಸನೆ ಬರುತ್ತಿತ್ತು. ಬುತ್ತಿ ಬಿಚ್ಚುವ ಹೊತ್ತು.

ಗಿರಿಜಾ ಚಪ್ಪಲಿ ಮೆಟ್ಟದೆ ಓಡಿದಳು. ಪಂಪು ನಿಲ್ಲಿಸಲು ಹೇಳಿ, ಊಟದ ಕೋಣೆಯಲ್ಲಿದ್ದವರನ್ನು ಹೊರಗೆಬ್ಬಿಸಿದಳು. "ಊಟದ ಮುಂದಿಂದ ಎಬ್ಬಿಸ್ತಾರಾ ಮೇಡಂ? ಸಾರು ಆರ್ತದೆ" ಎಂದು ಅವರು ಗೊಣಗುತ್ತ ತಟ್ಟೆ ಹಿಡಿದೇ ಬಂದರು. ಫಿಟ್ಟರ್ ಪಟ್ಟಿಯನ್ನು ಬಿಚ್ಚಿದಾಗ ಅದು ಅವನ ಕೈಯಲ್ಲೇ ಎರಡು ತುಂಡಾಯಿತು.

ಹಿಂತಿರುಗುವಾಗ ಮೈತ್ರಾ ಮೆಲ್ಲಗೆ ಹೇಳಿದಳು: "ಎರಡು ಸಲ ವಾಪಸ್ ಬಂತಲ್ಲ ಮೇಡಂ, ನಂಗೇ ಬರೆಯೋಕೆ ಬರಲ್ಲ ಅಂದ್ಕೊಂಡಿದ್ದೆ. ಮನೇಲಿ ಅಮ್ಮನ ಮುಂದೆ ಓದಿ ಓದಿ ತಿದ್ದಿದೆ."

"ನಿನ್ನ ಬರಹ ಚೆನ್ನಾಗಿತ್ತು" ಎಂದಳು ಗಿರಿಜಾ. "ಮೊದಲನೇ ಸಲವೇ ಚೆನ್ನಾಗಿತ್ತು."

ಹಾಗೆ ಹೇಳುವಾಗಲೂ ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು. ಉರಿ ಇರುವಾಗಲೇ ಸಹಿ ಹಾಕಿದಳು.

ಧಾರವಾಡಕ್ಕೆ ಮರಳಿದ ಶಿವಗಂಗಾ ಗಾಜಿನ ಬಳಕೆಯ ಸೂಚನೆಗಳಲ್ಲಿ ಒಂದನ್ನು ಬದಲಿಸಿದರು. ಬರೆದವರು ಓದುವವರ ಹೆಸರು ಒತ್ತಿದರಷ್ಟೇ ಸಾಲದು. ಬರಹವನ್ನು ವಾಪಸ್ ಕಳಿಸುವವರೂ ಮೊದಲು ತಮ್ಮದೇ ಹೆಸರು ಒತ್ತಿ ನೋಡಬೇಕು. ಗಿರಿಜಾ ಈಗ ದಿನವೂ ಹಾಗೆ ಮಾಡುತ್ತಾಳೆ. ಮೈತ್ರಾಳ ಟಿಪ್ಪಣಿಗಳಲ್ಲಿ ಇವತ್ತಿಗೂ ಅಲ್ಲೊಂದು ಇಲ್ಲೊಂದು ಸಾಲು ಬೆಳ್ಳಗಾಗುತ್ತದೆ. ಗಿರಿಜಾ ಕಾಗದ ಎತ್ತಿ, ಅಲ್ಲಿ ಬೆರಳಿಟ್ಟುಕೊಂಡು ಮತ್ತೆ ಓದುತ್ತಾಳೆ.

ಅಂಥ ಗಾಜು ನಮ್ಮ ಕಾಲದ ಮೇಜುಗಳಿಗೆ ಇನ್ನೂ ಬಂದಿಲ್ಲ. ನಾವು ವಾಪಸ್ ಕಳಿಸಿದ ಕಾಗದಗಳಲ್ಲಿ ಏನು ಬರೆದಿತ್ತೆಂದು ಕೇಳಿದರೆ ನಮಗೆ ನೆನಪಿರುವುದು, ಬಹುಶಃ, ಬರೆದವರ ಹೆಸರು ಮಾತ್ರ.