ಸದ್ದಿಲ್ಲದ ಉಪ್ಪು

ಭರಣಿಯ ಮುಚ್ಚಳ ತೆರೆದಾಗಲೆಲ್ಲ ಒಳಗಿನಿಂದ ನಿದ್ದೆಗಣ್ಣಿನ ಬೆಕ್ಕು ಗುರುಗುಟ್ಟಿದಂಥ ಸದ್ದು ಬರುತ್ತಿತ್ತು. ಅದು ನಿಂತ ಮೇಲೆ ಕೈ ಹಾಕಬೇಕು. ಭಾಗೀರಥಮ್ಮ ಐದು ಬೆರಳನ್ನೂ ಕೂಡಿಸಿ, ಮದುವೆಯಾಗಿ ಬಂದಂದಿನಿಂದ ತೆಗೆಯುತ್ತ ಬಂದಷ್ಟೇ ಉಪ್ಪು ತೆಗೆದು, ಕುದಿಯುವ ಸಾರಿಗೆ ಹಾಕಿ ಕಿವಿಗೊಟ್ಟು ನಿಂತರು.

ಸದ್ದಿಲ್ಲ. ಚೊಯ್ಯೆನ್ನಬೇಕಾದ ಹರಳುಪ್ಪು ಹೊಟ್ಟಿನಂತೆ ಬಿದ್ದು ಕರಗಿತು.

ಅವರದು ಕೇಳಿ ಬೆಳೆದ ಕಿವಿ. ತಂದೆ ಸಂಜೆಯ ಹೊತ್ತು ಕಾವ್ಯ ವಾಚನ ಮಾಡುವಾಗ ಷಟ್ಪದಿಯಲ್ಲಿ ಒಂದೇ ಒಂದು ಮಾತ್ರೆ ಕುಂಟಿದರೂ ಕಂಬಕ್ಕೊರಗಿ ಕೂತ ಹುಡುಗಿ ತಲೆಯೆತ್ತಿ ನೋಡುತ್ತಿದ್ದಳು. ದೇವರಿಗೆ ಇಡುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ಹಾಗಾಗಿ ಅವರ ಅಡುಗೆಯೆಲ್ಲ ಕೈಯ ಅಂದಾಜು, ಕಿವಿಯ ಸಾಕ್ಷಿ. ಆ ಕಿವಿ ಈಗ ಹೇಳುತ್ತಿತ್ತು: ಈ ಭರಣಿಯಲ್ಲಿ ಏನೋ ಮೋಸವಿದೆ.

ಭರಣಿಯನ್ನು ತುಮಕೂರಿನಲ್ಲಿ ಅವರ ಮನೆಯಿದ್ದ ಎತ್ತರದ ವಸತಿ ಗೋಪುರಕ್ಕೆ ತಂದವರು ಆಹಾರ ವಿಜ್ಞಾನಿ ಡಾಕ್ಟರ್ ಧರಣೇಂದ್ರ. ಹಿಂದಿನ ಬೇಸಿಗೆಯಲ್ಲಿ ಯಜಮಾನರಾದ ಅಶ್ವತ್ಥಯ್ಯ ರಕ್ತದೊತ್ತಡ ಏರಿ ಬಚ್ಚಲಲ್ಲಿ ಕುಸಿದಿದ್ದರು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟವೆಂದಿದ್ದರು ವೈದ್ಯರು. ಆದರೂ ಪಥ್ಯದ ಸಪ್ಪೆ ಊಟವನ್ನು ಅಶ್ವತ್ಥಯ್ಯ ಎಲೆ ಸಮೇತ ಮುಂದಕ್ಕೆ ದೂಡಿದ್ದರು. ಆಮೇಲೆ ಬಂತು ಭರಣಿ. ಉಪ್ಪಿಗೆ ಥಂಡಿ ತಾಗದಂತೆ ಕಾಯುವ ಯಂತ್ರ ಎಂದಷ್ಟೇ ವಿಜ್ಞಾನಿ ಹೇಳಿದ್ದರು. ಜೊತೆಗೆ ಎರಡು ಸಣ್ಣ ಮಾತು: ಉಪ್ಪಿನಕಾಯಿ ಜಾಡಿ ಕೈಗೆ ಸಿಗದ ಅಟ್ಟದ ಮೇಲಿರಲಿ, ಕೋಸಂಬರಿ ಖಾಲಿಯಾದ ಮೇಲೆಯೇ ಅನ್ನ ಬಡಿಸಿ.

"ಸಾರು ಹೇಗಿದೆ?" ಭಾಗೀರಥಮ್ಮ ಕೇಳಿದರು.

"ಅಮೃತ ಕಣೆ," ಎಂದರು ಅಶ್ವತ್ಥಯ್ಯ, ಕಣ್ಣೆತ್ತದೆ.

ನಿನ್ನೆಯೂ ಅಮೃತ, ಮೊನ್ನೆಯೂ ಅಮೃತ. ಆಯುಷ್ಯವಿಡೀ "ಒಂದು ಹರಳು ಕಮ್ಮಿಯಾಯ್ತು" ಎಂದು ಗೊಣಗಿಯೇ ಉಂಡ ಮನುಷ್ಯ ಹೀಗೆ ಹೊಗಳತೊಡಗಿದರೆ ಯಾವ ಹೆಂಡತಿಗೆ ಅನುಮಾನ ಬಾರದು? ಆದರೆ ಕೊನೆಗೆ ತಾವೇ ಉಣ್ಣಲು ಕೂತಾಗ ಸಾರು ಸರಿಯಾಗಿಯೇ ಇರುತ್ತಿತ್ತು. ಕಿವಿ ಸುಳ್ಳೋ, ನಾಲಿಗೆ ಸುಳ್ಳೋ? ಅದೊಂದು ಅವರಿಗೆ ಬಗೆಹರಿಯಲಿಲ್ಲ.

ಬಗೆಹರಿಸಿದವಳು ಮಗಳು ಮೈತ್ರೇಯಿ. ತುಂಬಿದ ಬಸುರಿ, ಹೆರಿಗೆಗೆಂದು ದಾವಣಗೆರೆಯಿಂದ ಬಂದವಳು, ತೌರಿನ ಸಾರಿಗಾಗಿ ದಾರಿಯುದ್ದಕ್ಕೂ ಬಾಯಲ್ಲಿ ನೀರೂರಿಸಿಕೊಂಡೇ ಬಂದಿದ್ದಳು. ಒಂದು ತುತ್ತಿಗೆ ಮುಖ ಹುಳ್ಳಗಾಯಿತು.

"ಅಮ್ಮ, ಇದೇನಮ್ಮ? ಬೇಳೆ ತೊಳೆದ ನೀರು! ನಿನ್ನ ಕೈ ಎಲ್ಲಿಟ್ಟು ಬಂದೆ?"

"ಸರಿಯಾಗೇ ಇದೆಯಲ್ಲೇ."

"ನಿಮ್ಮಿಬ್ಬರಿಗೂ ನಾಲಿಗೆ ಸತ್ತಿದೆ, ಅಷ್ಟೆ."

ಅಶ್ವತ್ಥಯ್ಯ ಕೋಸಂಬರಿಯಲ್ಲಿ ಏನೋ ಕಳೆದುಹೋದಂತೆ ಹುಡುಕತೊಡಗಿದ್ದನ್ನು ಭಾಗೀರಥಮ್ಮ ನೋಡಿದರು.

ಮಾರನೆಯ ದಿನ ಭರಣಿ ತುಂಬಿಸಲು ಧರಣೇಂದ್ರ ಬಂದಾಗ ಭಾಗೀರಥಮ್ಮ ಬಾಗಿಲಿಗೆ ಅಡ್ಡ ನಿಂತರು.

"ಕೂತ್ಕೊಳ್ಳಿ. ಕಾಫಿ ಆಮೇಲೆ. ಉಪ್ಪಿಗೆ ಏನು ಬೆರೆಸಿದ್ದೀರಿ?"

ವಿಜ್ಞಾನಿ ಒಮ್ಮೆ ಅಶ್ವತ್ಥಯ್ಯನವರ ಕಡೆ ನೋಡಿ ತಲೆ ತಗ್ಗಿಸಿದರು. "ಇದು ಕ್ರಮಕ್ಷಯ ಭರಣಿ, ಅಮ್ಮಾ. ಒಳಗೆ ಎರಡು ಖಾನೆ ಇದೆ. ಒಂದರಲ್ಲಿ ನಿಜವಾದ ಹರಳು. ಇನ್ನೊಂದರಲ್ಲಿ ಅಕ್ಕಿಹಿಟ್ಟಿನ ಟೊಳ್ಳು ಹರಳು, ಮೇಲೆ ತೆಳ್ಳಗೆ ಉಪ್ಪು ಸವರಿರುತ್ತೆ. ಮುಚ್ಚಳ ತೆಗೆದಾಗ ಯಂತ್ರ ಎರಡನ್ನೂ ಬೆರೆಸುತ್ತೆ. ವಾರ ಕಳೆದ ಹಾಗೆ ಟೊಳ್ಳು ಎಳ್ಳಷ್ಟು ಹೆಚ್ಚಾಗುತ್ತೆ. ಒಂದೇ ಸಲ ಕಡಿಮೆ ಮಾಡಿದರೆ ನಾಲಿಗೆ ಜಗಳಕ್ಕೆ ಬರುತ್ತೆ. ಹೀಗೆ ಮಾಡಿದರೆ ಅದಕ್ಕೆ ಗೊತ್ತೇ ಆಗೋಲ್ಲ, ಒಗ್ಗಿಹೋಗುತ್ತೆ."

"ಅಡುಗೆ ಮಾಡೋಳು ನಾನು. ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದರೆ ಕೈ ತಾನಾಗೇ ಎರಡು ಹರಳು ಜಾಸ್ತಿ ಹಾಕುತ್ತೆ, ಅಮ್ಮಾ. ಎಷ್ಟೋ ಮನೆಗಳಲ್ಲಿ ಹಾಗಾಗಿದೆ."

"ಇವರಿಗೆ ಗೊತ್ತಿತ್ತಾ?"

ಅಶ್ವತ್ಥಯ್ಯ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು.

"ಅಂದ್ರೆ, ಇಷ್ಟು ದಿನ ದೇವರಿಗೂ ಟೊಳ್ಳುಪ್ಪಿನ ನೈವೇದ್ಯ ಇಟ್ಟೆನೇನ್ರೀ ನಾನು?"

"ಯಜಮಾನರ ಒತ್ತಡ ಇಳಿದಿದೆ, ಅಮ್ಮಾ," ಎಂದಷ್ಟೇ ಹೇಳಿ ಧರಣೇಂದ್ರ ಎದ್ದರು. ಕಾಫಿ ಬರಲಿಲ್ಲ.

ಭರಣಿ ಅಟ್ಟ ಸೇರಿತು, ಉಪ್ಪಿನಕಾಯಿ ಜಾಡಿಯ ಪಕ್ಕಕ್ಕೆ. ಬಸುರಿಯ ಬಯಕೆ ತೀರಿಸದೆ ಇರಬಾರದೆಂದು ಭಾಗೀರಥಮ್ಮ ತಾವೇ ಇಳಿದು ಹೋಗಿ ಅಂಗಡಿಯಿಂದ ಹರಳುಪ್ಪು ತಂದರು. ಸಾರು ಕುದಿಯಿತು. ಐದು ಬೆರಳು ಕೂಡಿದವು. ಚೊಯ್ಯೆಂದಿತು! ತಪ್ಪಿದ ಮಾತ್ರೆ ಕೂಡಿಕೊಂಡ ಪದ್ಯದಂತೆ ಅವರ ಮೈ ಹಗುರಾಯಿತು. ದೇವರ ಮುಂದಿಟ್ಟು, ಕೈ ಮುಗಿದು, ಬಡಿಸಿದರು.

"ಇದು! ಇದಮ್ಮ ನಿನ್ನ ಕೈ!" ಮೈತ್ರೇಯಿ ಬಟ್ಟಲೆತ್ತಿ ಕುಡಿದಳು.

ಭಾಗೀರಥಮ್ಮ ಗೆದ್ದ ಮುಖದಲ್ಲಿ ಗಂಡನತ್ತ ತಿರುಗಿದರು. ಅಶ್ವತ್ಥಯ್ಯ ಒಂದು ತುತ್ತು ನುಂಗಿ ನೀರಿನ ಚೊಂಬಿಗೆ ಕೈ ಚಾಚಿದ್ದರು.

"ಸಾಕು ನಿಮ್ಮ ನಾಟಕ."

"ನೀನೇ ನೋಡೇ."

ದೇವರಿಗೆ ಇಟ್ಟಾಗಿತ್ತು. ಅಂಗೈಗೆ ಒಂದಿಷ್ಟು ಬಿಟ್ಟುಕೊಂಡು ತೀರ್ಥದಂತೆ ಸುರಿದುಕೊಂಡರು. ನಾಲಿಗೆ ಚುರುಗುಟ್ಟಿತು. ಸಮುದ್ರದ ನೀರು.

"ಮೊದಲೂ ಹೀಗೇ ಇತ್ತಾ?" ದನಿ ಉಡುಗಿತ್ತು.

"ಹೀಗೇ. ಇಷ್ಟಿದ್ದೂ ನಾನು ಒಂದು ಹರಳು ಕಮ್ಮಿ ಅಂತಿದ್ದೆ."

ಬಚ್ಚಲಲ್ಲಿ ಚೊಂಬು ಉರುಳಿದ ಆವತ್ತಿನ ಸದ್ದು ಆ ಕಿವಿಗೆ ಮತ್ತೆ ಕೇಳಿಸಿತು. ಭರಣಿಯ ಮೇಲೆ, ವಿಜ್ಞಾನಿಯ ಮೇಲೆ, ಗಂಡನ ಮೇಲೆ ಹರಿದಾಡಿದ ಅನುಮಾನ ಸುತ್ತಿ ಬಂದು ತಮ್ಮ ಐದು ಬೆರಳಿನ ಮೇಲೆಯೇ ಕೂತಿತು.

"ಅಮ್ಮ, ಇನ್ನೊಂದು ಸೌಟು," ಎಂದಳು ಮೈತ್ರೇಯಿ.

ಬೇಡಿದವರಿಗೆ ಇಲ್ಲವೆಂದ ಕೈಯಲ್ಲ ಅದು. ಆದರೂ ಸೌಟು ನಡುದಾರಿಯಲ್ಲಿ ನಿಂತಿತು. ಮಗಳು ಚಾಚಿದ ಕಾಲು ಬಾತುಕೊಂಡಿತ್ತು. ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು.

"ತಡಿ, ಆರಿದೆ. ಬಿಸಿ ಮಾಡ್ಕೊಂಡು ಬರ್ತೀನಿ."

ಅಡುಗೆಮನೆಯಲ್ಲಿ ಭಾಗೀರಥಮ್ಮ ಅರ್ಧ ಸಾರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಉಳಿದದ್ದಕ್ಕೆ ಸಪ್ಪೆ ಬೇಳೆಕಟ್ಟನ್ನು ಸದ್ದಾಗದಂತೆ ಸುರಿದರು. ಹೆಚ್ಚಲ್ಲ, ಎಳ್ಳಷ್ಟು. ನಾಳೆ ಇನ್ನೊಂದೆಳ್ಳಷ್ಟು. ನಿಂಬೆಹಣ್ಣು ಹಿಂಡಿ ತಂದು ಬಡಿಸಿದರು.

ಮೈತ್ರೇಯಿ ಕುಡಿದು, ಹುಬ್ಬು ಗಂಟಿಕ್ಕಿ ಬಟ್ಟಲನ್ನೇ ನೋಡಿದಳು. "ಇದಕ್ಕೆ ಏನಾದ್ರೂ ಬೆರೆಸಿದ್ಯೇನಮ್ಮ?"

"ಹೆತ್ತ ತಾಯಿ ಮೇಲೂ ಅನುಮಾನವೇನೇ ನಿನಗೆ?"

"ಅಮೃತ ಕಣಮ್ಮ, ಕುಡಿ," ಎಂದರು ಅಶ್ವತ್ಥಯ್ಯ, ಕಣ್ಣೆತ್ತದೆ.