ದೇವರ ಗಾಯಗಳಾಣೆ

ಇಂಗ್ಲೆಂಡಿನಲ್ಲಿ ರಾಜ ಎರಡನೇ ಚಾರ್ಲ್ಸನ ಕಾಲ. ಲಂಕಾಸ್ಟರ್ ಪೇಟೆಯಲ್ಲಿ ಕುದುರೆಗೆ ಲಾಳ ಹೊಡೆಯುವ ಆಂಬ್ರೋಸನ ನಾಲಿಗೆಗೆ ಮಾತ್ರ ಲಗಾಮಿರಲಿಲ್ಲ. ಅಂದು ಕುದುರೆ ಕಾಲು ತುಳಿದದ್ದೇ ತಡ, "ಝೌಂಡ್ಸ್!" ಎಂದು ಬೀದಿಗೆಲ್ಲ ಕೇಳುವಂತೆ ಅರಚಿದ.

ಕುದುರೆ ತಂದಿದ್ದ ನೇಕಾರನ ಮಗಳು ಡಾರ್ಕಸ್ ನಗು ನುಂಗಿಕೊಂಡಳು.

"ಏನಂದೆ ಅಂತ ಗೊತ್ತಾ ನಿಂಗೆ?"

"ನೋವಾದ್ರೆ ಬರೋ ಮಾತು. ಅದಕ್ಕೂ ಅರ್ಥ ಬೇಕಾ?"

"ದೇವರ ಗಾಯಗಳಾಣೆ ಅಂತ. ಶಿಲುಬೆ ಮೇಲೆ ಮೊಳೆ ಹೊಡೆದ್ರಲ್ಲ, ಆ ಗಾಯ. ನಮ್ಮಜ್ಜನ ಕಾಲದೋರು 'ಗಾಡ್ಸ್ ವೂಂಡ್ಸ್' ಅಂತ ಪೂರ್ತಿ ಹೇಳ್ತಿದ್ರಂತೆ. ಆಮೇಲೆ ಹೆದರಿ ದೇವರ ಹೆಸರು ನುಂಗಿದ್ರು. ಉಳಿದ ಚೂರು ನಿನ್ನ ಬಾಯಲ್ಲಿದೆ."

ಆಂಬ್ರೋಸ್ ತನ್ನ ಕೈಯ ಮೊಳೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ನೀನು ನಕ್ಕರೆ ಚೆನ್ನಾಗಿ ಕಾಣ್ತೀಯ" ಅಂದುಬಿಟ್ಟ. ಅವಳ ಕಿವಿ ಕೆಂಪಾಯಿತು.

ಡಾರ್ಕಸ್ ಕ್ವೇಕರರೆಂಬ ಕ್ರೈಸ್ತ ಪಂಥದ ಹುಡುಗಿ. ಅವರು ಆಣೆಯನ್ನೇ ಇಡದ ಜನ; ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ. ಅವಳಿಗಾಗಿ ಆಂಬ್ರೋಸನೂ ಅವರ ಮೌನ ಪ್ರಾರ್ಥನೆಯ ಸಭೆಯಲ್ಲಿ ಕೂರತೊಡಗಿದ. ಮೊದಮೊದಲು ಅವನ ಕಣ್ಣೆಲ್ಲ ಅವಳ ಟೋಪಿಯಂಚಿನ ಕೂದಲ ಮೇಲೆ. ಬರಬರುತ್ತಾ ಮೌನವೂ ಹಿಡಿಸಿತು. ಸುಗ್ಗಿಯ ನಂತರ ಮದುವೆ ಎಂದಾಯಿತು.

ಅಷ್ಟರಲ್ಲಿ, ಇಂಥ ಸಭೆಗಳಿಗೆ ನಿಷೇಧವಿದೆಯೆಂದು ಸೈನಿಕರು ನುಗ್ಗಿ ಆಂಬ್ರೋಸನೂ ಸೇರಿದಂತೆ ಗಂಡಸರನ್ನು ಎಳೆದೊಯ್ದರು. ರಾಜನಿಗೆ ನಿಷ್ಠೆಯ ಆಣೆಯಿಟ್ಟರೆ ಬಿಡುಗಡೆ. ಇಲ್ಲವಾದರೆ ಕಡಲಾಚೆ, ಬಾರ್ಬಡೋಸ್ ದ್ವೀಪದ ಕಬ್ಬಿನ ಗದ್ದೆಯಲ್ಲಿ ಜೀತ. ಅಲ್ಲಿಗೆ ಹೋದವರು ಮರಳುವುದು ಅಪರೂಪ.

ಡಾರ್ಕಸ್ ಸೆರೆಮನೆಯ ಸರಳು ಹಿಡಿದು ಅತ್ತಳು. "ಇದೊಂದ್ಸಲ ಆಣೆ ಇಟ್ಬಿಡೋ. ದೇವರ ಹತ್ರ ನಾನು ಮಾತಾಡ್ಕೋತೀನಿ."

"ನೀನಾ ಹೀಗನ್ನೋದು?"

"ಹೌದು, ನಾನೇ. ನಂಗೆ ಸಂತ ಬೇಡ, ನೀನು ಬೇಕು."

ಅವನು ಅವಳ ಬೆರಳು ಸವರಿದ. "ಮೊದಲಾಗಿದ್ರೆ ನೂರು ಆಣೆ ಇಡ್ತಿದ್ದೆ ಕಣೇ. ಆಗ ಅದು ಬರೀ ಗಾಳಿ. ಈಗ ಬಾಯಿ ತೆಗೆದ್ರೆ ಆ ಗಾಯ ಕಣ್ಮುಂದೆ ಬರುತ್ತೆ. ಏನ್ಮಾಡ್ಲಿ, ಹೇಳು?"

ಅದನ್ನು ಕಾಣಿಸಿದವಳು ತಾನೇ ಎಂದು ನೆನೆದು ಅವಳು ಸರಳು ಬಿಟ್ಟಳು. ಮರುದಿನ ಅವನು ನ್ಯಾಯಾಧೀಶನಿಗೆ "ಇಲ್ಲ" ಎಂದಷ್ಟೇ ಹೇಳಿದ.

ಹಡಗು ಹೊರಡುವ ದಿನ ಕ್ವೇಕರರು ದಡದಲ್ಲಿ ಮೌನವಾಗಿ ನಿಂತರು. ಅವರ ಮದುವೆಗೆ ಪಾದ್ರಿ ಬೇಡ, ಉಂಗುರ ಬೇಡ. ಸಭೆಯೆದುರು ಇಬ್ಬರೂ ಬಾಯಿಬಿಟ್ಟು ಹೇಳಿದರೆ ಆಯಿತು. ಡಾರ್ಕಸ್ ಮುಂದೆ ಬಂದಳು.

"ಮಿತ್ರರೇ, ಈ ಆಂಬ್ರೋಸ್ ನನ್ನ ಗಂಡ. ಸಾಯೋವರೆಗೂ."

ಹಡಗಿನ ಅಂಚಿನಿಂದ ಅವನು ಕೂಗಿದ: "ಈ ಡಾರ್ಕಸ್ ನನ್ನ ಹೆಂಡತಿ!" ಮುಂದಿನ ಮಾತು ಗಾಳಿಯಲ್ಲಿ ಕೇಳಿಸಲಿಲ್ಲ.

ಹಿರಿಯರು ಒಬ್ಬೊಬ್ಬರಾಗಿ ಬಂದು ಮದುಮಗಳ ಕೈ ಹಿಡಿದು ಹರಸಿದರು. ಆಮೇಲೆ ಅವಳು ಒಬ್ಬಳೇ ಮನೆಗೆ ನಡೆದಳು.